ಹಳೆಯ ಆಂಪ್ಲಿಫೈಯರಿಗೆ ಡ್ಯಾಕ್: ಜೋಡಿಸುವ ಬಗೆ, ಸದ್ದು ಕೆಟ್ಟಾಗ ದೋಷ ಹುಡುಕುವ ಬಗೆ

ಈಚಿನ ಟಿವಿಗಳ ಹಿಂಬದಿಯಲ್ಲಿ ಕೆಂಪು-ಬಿಳಿಯ ಆಡಿಯೊ ಔಟ್ ಸಾಕೆಟ್‌ಗಳು ಬಹುಮಟ್ಟಿಗೆ ಮಾಯವಾಗಿವೆ, ಫೋನುಗಳ 3.5 ಮಿ.ಮೀ. ಜ್ಯಾಕ್ ಕೂಡ ಅದೇ ಹಾದಿ ಹಿಡಿದಿದೆ. ಮನೆಯ ಶೋಕೇಸಿನಲ್ಲಿ ಇಪ್ಪತ್ತು ಮೂವತ್ತು ವರ್ಷಗಳಿಂದ ಕುಳಿತಿರುವ ಆಂಪ್ಲಿಫೈಯರಿಗಾದರೋ ಅನಲಾಗ್ ಸಂಕೇತವಲ್ಲದೆ ಬೇರೇನೂ ತಿಳಿಯದು. ಈ ಎರಡರ ನಡುವೆ ದುಭಾಷಿಯಂತೆ ನಿಲ್ಲುವುದು ಡಿಜಿಟಲ್-ಟು-ಅನಲಾಗ್ ಕನ್ವರ್ಟರ್. ಬಳಕೆಯ ಮಾತಿನಲ್ಲಿ ಡ್ಯಾಕ್. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಲೆಕ್ಕದಲ್ಲಿ ಹೇಳುವುದಾದರೆ, ಸೆಕೆಂಡಿಗೆ 44,100 ಬಾರಿ ಅಳೆದು 16 ಬಿಟ್‌ಗಳಲ್ಲಿ ಬರೆದಿಟ್ಟ ಅಂಕೆಗಳನ್ನು ಓದಿ, ಅವುಗಳಿಂದ ಏರಿಳಿಯುವ ವೋಲ್ಟೇಜನ್ನು ಮರಳಿ ಕಟ್ಟಿಕೊಡುವುದು ಅದರ ಕೆಲಸ.

ಕೆಲಸ ಸರಳವೆನಿಸಿದರೂ ಡ್ಯಾಕ್ ತಂದವರಲ್ಲಿ ಅನೇಕರು ಮೊದಲ ದಿನವೇ ಕೈಚೆಲ್ಲುತ್ತಾರೆ. ನೆಂಟರಿಷ್ಟರ ಮನೆಗಳಲ್ಲಿ ಇಂಥ ಜೋಡಣೆಗಳನ್ನು ಮಾಡಿಕೊಟ್ಟ ನನ್ನ ಅನುಭವದಲ್ಲಿ ಡ್ಯಾಕ್ ಸ್ವತಃ ಕೆಟ್ಟಿದ್ದ ಪ್ರಸಂಗ ಬಲು ಕಡಿಮೆ. ತಪ್ಪು ಇರುತ್ತಿದ್ದದ್ದು ವೈರಿನಲ್ಲಿ, ಟಿವಿಯ ಯಾವುದೋ ಒಳಮೆನುವಿನಲ್ಲಿ, ಇಲ್ಲವೇ ಗೋಡೆಯ ಅರ್ಥಿಂಗಿನಲ್ಲಿ. ಆದ್ದರಿಂದ ಒಂದೊಂದೇ ಕೊಂಡಿಯನ್ನು ಜೋಡಿಸಿ, ಅದು ಸರಿಯಿದೆಯೆಂದು ಖಚಿತಪಡಿಸಿಕೊಂಡು, ಮುಂದಿನದಕ್ಕೆ ಹೋಗುವ ಕ್ರಮವನ್ನೇ ಇಲ್ಲಿ ವಿವರಿಸಿದ್ದೇನೆ.

ಕೊಳ್ಳುವ ಮೊದಲು

ಅಂಗಡಿಗೆ ಹೋಗುವ ಮುನ್ನ ಟಿವಿಯನ್ನೋ ಲ್ಯಾಪ್‌ಟಾಪನ್ನೋ ತಿರುಗಿಸಿ, ಅದರಲ್ಲಿ ಯಾವ ಸಾಕೆಟ್ ಇದೆಯೆಂದು ನೋಡಿಕೊಳ್ಳಬೇಕು. ಡ್ಯಾಕಿನೊಳಕ್ಕೆ ಸಾಮಾನ್ಯವಾಗಿ ಮೂರು ಬಾಗಿಲುಗಳಿವೆ. ಕಂಪ್ಯೂಟರ್ ಮತ್ತು ಫೋನಿನಿಂದ ಯುಎಸ್‌ಬಿ. ಟಿವಿಯಿಂದ ಆಪ್ಟಿಕಲ್, ಅಂದರೆ ಬೆಳಕಿನ ಮೂಲಕ ಸಂಕೇತ ಸಾಗಿಸುವ ಟಾಸ್‌ಲಿಂಕ್. ಹಳೆಯ ಡಿವಿಡಿ ಮತ್ತು ಸಿ.ಡಿ. ಪ್ಲೇಯರುಗಳಿಂದ ಕೋಆಕ್ಸಿಯಲ್. ಕೆಲವು ನೂರು ರೂಪಾಯಿಗೆ ಸಿಗುವ ಪುಟ್ಟ ಕಪ್ಪು ಪೆಟ್ಟಿಗೆಗಳಲ್ಲಿ ಆಪ್ಟಿಕಲ್ ಮತ್ತು ಕೋಆಕ್ಸಿಯಲ್ ಮಾತ್ರ ಇರುತ್ತವೆ. ಅವುಗಳ ಬದಿಯಲ್ಲಿ ಕಾಣುವ ಮೈಕ್ರೊ ಯುಎಸ್‌ಬಿ ಕೇವಲ 5 ವೋಲ್ಟ್ ವಿದ್ಯುತ್ತಿಗಾಗಿ ಇಟ್ಟದ್ದು. ಅದನ್ನು ಕಂಪ್ಯೂಟರಿಗೆ ಚುಚ್ಚಿ, ಡಿವೈಸ್ ಕಾಣಿಸುತ್ತಿಲ್ಲವೆಂದು ಡ್ರೈವರ್ ಹುಡುಕುತ್ತ ಕುಳಿತವರನ್ನು ನಾನು ಬಲ್ಲೆ. ಟಿವಿಗೆ ಮಾತ್ರ ಸಾಕೆಂದಾದರೆ ಆ ಪೆಟ್ಟಿಗೆ ಸಾಕು. ಲ್ಯಾಪ್‌ಟಾಪಿಗೂ ಬೇಕೆಂದಾದರೆ ‘ಯುಎಸ್‌ಬಿ ಆಡಿಯೊ ಇನ್‌ಪುಟ್’ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಬೇಕು.

ಡಬ್ಬಿಯ ಮೇಲಿನ 384, 768 ಕಿಲೊಹರ್ಟ್ಸ್ ಎಂಬ, ಸೆಕೆಂಡಿಗೆ ಎಷ್ಟು ಸಾವಿರ ಬಾರಿ ಅಳೆದದ್ದೆಂದು ಹೇಳುವ ಅಂಕೆಗಳಿಗೆ ಹೆಚ್ಚು ಹಣ ತೆರುವ ಅಗತ್ಯ ನನಗೆ ಕಂಡಿಲ್ಲ. 44.1 ಕಿಲೊಹರ್ಟ್ಸ್ ದರವೇ ಸುಮಾರು 22 ಕಿಲೊಹರ್ಟ್ಸ್ ತನಕದ ಧ್ವನಿಯನ್ನು ಹಿಡಿಯುತ್ತದೆ, ಎಳೆಯ ಕಿವಿಯ ಮಿತಿ 20. ಮಧ್ಯವಯಸ್ಸು ದಾಟಿದವರ ಕಿವಿಗೆ ಅಷ್ಟೂ ಕೇಳಿಸದು. ಒಳಗಿನ ಚಿಪ್ಪಿನ ಹೆಸರಿನ ಬಗ್ಗೆಯೂ ಇದೇ ಮಾತು. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಓಕದಲ್ಲಿದ್ದ ಎಕೆಎಂ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹಲವು ತಯಾರಕರು ಬೇರೆ ಕಂಪನಿಯ ಚಿಪ್ಪಿಗೆ ಬದಲಾಗಬೇಕಾಯಿತು; ಸಂಗೀತವೇನೂ ಕೆಡಲಿಲ್ಲ. ವಿದ್ಯುತ್ ಪೂರೈಕೆ ಮತ್ತು ಔಟ್‌ಪುಟ್ ಭಾಗವನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆಯೇ ಎಂಬುದು ಚಿಪ್ಪಿನ ಹೆಸರಿಗಿಂತ ಮುಖ್ಯ.

ಜೋಡಣೆ

ಮೊದಲನೆಯದಾಗಿ, ಎಲ್ಲವನ್ನೂ ಸ್ವಿಚ್ ಆಫ್ ಮಾಡಿ. ಆರ್‌ಸಿಎ ಪ್ಲಗ್ಗಿನ, ಅಂದರೆ ಕೆಂಪು-ಬಿಳಿ ಆಡಿಯೊ ವೈರಿನ ತುದಿಯ ಪ್ಲಗ್ಗಿನ, ರಚನೆಯೇ ಹಾಗಿದೆ: ಒಳಗೆ ತೂರಿಸುವಾಗ ಮಧ್ಯದ ಸಂಕೇತದ ಪಿನ್ನು ಮೊದಲು ತಾಗುತ್ತದೆ, ಹೊರಗಿನ ಅರ್ಥ್ ಬಳೆ ಆಮೇಲೆ ಕೂಡುತ್ತದೆ. ಆ ನಡುವಿನ ಕ್ಷಣದಲ್ಲಿ ಆಂಪ್ಲಿಫೈಯರ್ ಚಾಲೂ ಇದ್ದರೆ ಸ್ಪೀಕರಿನಿಂದ ಮನೆ ನಡುಗುವಂಥ ಸದ್ದು ಹೊರಟು, ಕೆಲವೊಮ್ಮೆ ಟ್ವೀಟರ್, ಅಂದರೆ ತಾರಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರ್, ಸುಟ್ಟುಹೋಗುವುದುಂಟು.

ಎರಡನೆಯದಾಗಿ, ಡ್ಯಾಕಿನ ಅನಲಾಗ್ ಔಟನ್ನು ಆಂಪ್ಲಿಫೈಯರಿನ ಆಕ್ಸ್, ಸಿಡಿ, ಟ್ಯೂನರ್ ಅಥವಾ ಟೇಪ್ ಇನ್ ಎಂಬ ಯಾವುದಾದರೊಂದು ಸಾಕೆಟ್ಟಿಗೆ ಕೊಡಿ. ಕೆಂಪು ಬಲಕ್ಕೆ, ಬಿಳಿ ಅಥವಾ ಕಪ್ಪು ಎಡಕ್ಕೆ. ಫೋನೊ ಎಂದು ಬರೆದಿರುವುದಕ್ಕೆ ಮಾತ್ರ ಕೊಡಕೂಡದು. ಅದು ಗ್ರಾಮಫೋನ್ ಸೂಜಿಯಿಂದ ಬರುವ ಕೆಲವೇ ಮಿಲಿವೋಲ್ಟ್ ಸಂಕೇತವನ್ನು ನೂರಾರು ಪಟ್ಟು ಹಿಗ್ಗಿಸುವ ದಾರಿ; ಡ್ಯಾಕ್ ಕೊಡುವುದು 2 ವೋಲ್ಟ್. ಅಲ್ಲಿಗೆ ಕೊಟ್ಟರೆ ಕೇಳಿಸುವುದು ಹಾಡಲ್ಲ, ಒಡಕು ಗರ್ಜನೆ.

ಇನ್ನೂ ಹಳೆಯ ಸೆಟ್ಟುಗಳಲ್ಲಿ ಐದು ಪಿನ್ನಿನ ದುಂಡನೆಯ ಡಿನ್ ಸಾಕೆಟ್ ಇರುತ್ತದೆ. ಡಿನ್‌ನಿಂದ ಆರ್‌ಸಿಎಗೆ ಬದಲಿಸುವ ವೈರು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಸಿಗುತ್ತದೆ. ಆದರೆ ಆ ಕಾಲದ ಇನ್‌ಪುಟ್‌ಗಳು, ಹಾಗೆಯೇ ಐಸಿ ಹಾಕಿ ಅಸೆಂಬಲ್ ಮಾಡಿಸಿದ ಆಂಪ್ಲಿಫೈಯರುಗಳು, ಇಷ್ಟು ಜೋರಿನ ಸಂಕೇತಕ್ಕೆ ಸಿದ್ಧವಾಗಿರುವುದಿಲ್ಲ. ವಾಲ್ಯೂಮ್ ಗುಂಡಿಯನ್ನು, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ, ಎಂಟರಿಂದ ಒಂಬತ್ತು ಗಂಟೆಯ ಜಾಗಕ್ಕೆ ತಿರುಗಿಸುವಷ್ಟರಲ್ಲೇ ಮನೆ ತುಂಬುವ ಸದ್ದು ಬಂದರೆ, ಅಥವಾ ಜೋರಾದ ಭಾಗಗಳಲ್ಲಿ ಮಾತ್ರ ಧ್ವನಿ ಒಡೆದರೆ, ಇದೇ ಕಾರಣ. ಪ್ರತಿ ಚಾನೆಲ್ಲಿನ ಸಂಕೇತದ ವೈರಿಗೆ 10 ಕಿಲೊಓಮ್ ರೆಸಿಸ್ಟರನ್ನು ಸರಣಿಯಲ್ಲಿಯೂ, ಅದರಾಚೆಗೆ ಆಂಪ್ಲಿಫೈಯರಿನ ಕಡೆ ಸಂಕೇತದಿಂದ ಅರ್ಥಿಗೆ 4.7 ಕಿಲೊಓಮ್ ರೆಸಿಸ್ಟರನ್ನೂ ಬೆಸುಗೆ ಹಾಕಿದರೆ ಸಂಕೇತ ಸುಮಾರು 10 ಡೆಸಿಬೆಲ್ ತಗ್ಗಿ, 2 ವೋಲ್ಟ್ ಇದ್ದದ್ದು 0.6 ವೋಲ್ಟಿನ ಆಸುಪಾಸಿಗೆ ಬರುತ್ತದೆ. ನಾಲ್ಕು ರೆಸಿಸ್ಟರುಗಳ ಖರ್ಚು ಒಂದು ಕಾಫಿಯಷ್ಟೂ ಆಗದು. ಬೆಸುಗೆ ಬಾರದವರಿಗೆ ಸಂಕೇತವನ್ನು ಹೀಗೆ ತಗ್ಗಿಸುವ ಸಿದ್ಧ ಅಟೆನ್ಯುಯೇಟರುಗಳೂ ಸಿಗುತ್ತವೆ.

ಮೂರನೆಯದಾಗಿ ಡಿಜಿಟಲ್ ಬದಿ. ಆಪ್ಟಿಕಲ್ ಕೇಬಲ್ಲಿನ ಎರಡೂ ತುದಿಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಪುಟ್ಟ ಟೊಪ್ಪಿಗೆಗಳಿರುತ್ತವೆ, ಅವನ್ನು ತೆಗೆಯಬೇಕು. ಒಮ್ಮೆ ಸೋದರಮಾವನ ಮನೆಯಲ್ಲಿ ನಾನೇ ಅದನ್ನು ಮರೆತು, ಎಷ್ಟು ಒತ್ತಿದರೂ ಪ್ಲಗ್ಗು ಕೂರದೆ, ಟಿವಿಯ ಮೆನುಗಳನ್ನೆಲ್ಲ ಜಾಲಾಡಿ ಅರ್ಧ ದಿನ ಕಳೆದಿದ್ದೆ. “ಅಲ್ಲ ಕಣೋ, ನಮ್ಮ ಹಳೇ ಟೇಪ್ ರೆಕಾರ್ಡರ್ರೇ ವಾಸಿಯಿತ್ತಲ್ಲೋ” ಎಂದು ಮಾವ ಅಂದದ್ದು ಇನ್ನೂ ಕಿವಿಯಲ್ಲಿದೆ. ಟಿವಿಯ ಕಡೆ ಕೇಬಲ್ ಚುಚ್ಚಿ, ಇನ್ನೊಂದು ತುದಿಯನ್ನು ಅಂಗೈಗೆ ಹಿಡಿದರೆ ಕೆಂಪು ಚುಕ್ಕೆ ಬೀಳಬೇಕು. ಬಿದ್ದರೆ ಸಂಕೇತ ಹೊರಟಿದೆಯೆಂದರ್ಥ. ಕೇಬಲ್ಲನ್ನು ಗೋಡೆಯ ಮೂಲೆಯಲ್ಲಿ ಚೂಪಾಗಿ ಮಡಚಬಾರದು. ಒಳಗಿನ ಎಳೆ ಬಿರುಕು ಬಿಟ್ಟರೆ ಬೆಳಕು ಸೋರಿಹೋಗುತ್ತದೆ.

ಕೋಆಕ್ಸಿಯಲ್ಲಿಗೆ ವಿಶೇಷ ವೈರು ಕೊಳ್ಳಬೇಕಾಗಿಲ್ಲ. ಹಳೆಯ ಡಿವಿಡಿ ಪ್ಲೇಯರಿನೊಂದಿಗೆ ಬಂದ ಮೂರು ಬಣ್ಣದ ವೈರಿನಲ್ಲಿ ಹಳದಿಯದು ವಿಡಿಯೊ ಕೇಬಲ್. ವಿಡಿಯೊ ಮತ್ತು ಕೋಆಕ್ಸಿಯಲ್ ಎರಡಕ್ಕೂ ಬೇಕಾದದ್ದು 75 ಓಮಿನ ಕೇಬಲ್ಲೇ ಆದ್ದರಿಂದ ಅದು ಚೆನ್ನಾಗಿಯೇ ನಡೆಯುತ್ತದೆ. ಈ ಸಾಕೆಟ್ ನೋಡಲು ಅನಲಾಗ್ ಆರ್‌ಸಿಎಯಂತೆಯೇ ಇರುವುದರಿಂದ ಎಚ್ಚರ ಬೇಕು. ಸಾಮಾನ್ಯವಾಗಿ ಅದರ ಬಣ್ಣ ಕಿತ್ತಳೆ. ಯುಎಸ್‌ಬಿಗೆ ಡ್ಯಾಕಿನೊಂದಿಗೆ ಬಂದ ಕೇಬಲ್ಲನ್ನೇ ಬಳಸಿ. ಮನೆಯಲ್ಲಿ ಬಿದ್ದಿರುವ ಚಾರ್ಜಿಂಗ್ ಕೇಬಲ್ಲುಗಳಲ್ಲಿ ಕೆಲವಕ್ಕೆ ಡೇಟಾ ತಂತಿಗಳೇ ಇರುವುದಿಲ್ಲ: ಡ್ಯಾಕಿನ ದೀಪ ಹೊತ್ತಿಕೊಳ್ಳುತ್ತದೆ, ಕಂಪ್ಯೂಟರಿಗೆ ಮಾತ್ರ ಅದರ ಸುಳಿವೇ ಸಿಗುವುದಿಲ್ಲ.

ನಾಲ್ಕನೆಯದಾಗಿ, ಸ್ವಿಚ್ ಹಾಕುವ ಕ್ರಮ: ಮೊದಲು ಟಿವಿ ಅಥವಾ ಲ್ಯಾಪ್‌ಟಾಪ್, ಆಮೇಲೆ ಡ್ಯಾಕ್, ವಾಲ್ಯೂಮನ್ನು ಸೊನ್ನೆಗೆ ಇಳಿಸಿ ಕೊನೆಗೆ ಆಂಪ್ಲಿಫೈಯರ್. ಆರಿಸುವಾಗ ಇದಕ್ಕೆ ವಿರುದ್ಧ, ಆಂಪ್ಲಿಫೈಯರೇ ಮೊದಲು. ವಾಲ್ಯೂಮ್ ಗುಂಡಿಯಿಲ್ಲದ ಪವರ್ ಆಂಪ್ಲಿಫೈಯರಿಗೋ ಒಳಗೇ ಆಂಪ್ಲಿಫೈಯರ್ ಇರುವ ಆಕ್ಟಿವ್ ಸ್ಪೀಕರಿಗೋ ನೇರವಾಗಿ ಜೋಡಿಸುವವರು ಡ್ಯಾಕಿನಲ್ಲೇ ವಾಲ್ಯೂಮ್ ನಿಯಂತ್ರಣ ಇದೆಯೆಂದು ಮೊದಲೇ ಖಚಿತಪಡಿಸಿಕೊಳ್ಳದಿದ್ದರೆ ಪೂರ್ತಿ 2 ವೋಲ್ಟ್ ಒಮ್ಮೆಲೇ ನುಗ್ಗುತ್ತದೆ.

ಟಿವಿಯ ಮೆನು, ಕಂಪ್ಯೂಟರಿನ ಮೆನು

‘ಧಾರಾವಾಹಿಗೆ ಸದ್ದು ಬರುತ್ತದೆ, ಸಿನಿಮಾಕ್ಕೆ ಬರುವುದಿಲ್ಲ’ ಎಂಬ ದೂರು ಬಂದರೆ ಕಣ್ಣು ಮುಚ್ಚಿ ಹೇಳಬಹುದು, ಟಿವಿ ಡಾಲ್ಬಿ ಎಂಬ, ಹಲವು ಚಾನೆಲ್ಲುಗಳನ್ನು ಅಡಕಮಾಡಿದ ಸಂಕೇತವನ್ನು ಬಿಚ್ಚದೆ ಹಾಗೆಯೇ ಹೊರಗೆ ಕಳಿಸುತ್ತಿದೆ ಎಂದು. ಎರಡು ಚಾನೆಲ್ಲಿನ ಡ್ಯಾಕಿಗೆ ಗೊತ್ತಿರುವುದು ಪಿಸಿಎಂ ಎಂಬ ಒಂದೇ ಭಾಷೆ. ಡಾಲ್ಬಿ ಬಂದಾಗ ಅದು ಮೌನವಾಗುತ್ತದೆ, ಕೆಲವು ಅಗ್ಗದ ಪೆಟ್ಟಿಗೆಗಳು ಕರಕರ ಎನ್ನುತ್ತವೆ. ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗದಲ್ಲಿ ಡಿಜಿಟಲ್ ಔಟ್‌ಪುಟ್ ಅಥವಾ ಎಸ್‌ಪಿಡಿಐಎಫ್ ಎಂಬುದನ್ನು ಹುಡುಕಿ, ‘ಆಟೊ’ ಇದ್ದದ್ದನ್ನು ‘ಪಿಸಿಎಂ’ ಮಾಡಬೇಕು. ಸೆಟ್‌ಟಾಪ್ ಬಾಕ್ಸಿನಲ್ಲಿಯೂ ಇಂಥದೇ ಆಯ್ಕೆ ಇರುವುದರಿಂದ ಅದನ್ನೂ ನೋಡಿ. ಡಿವಿಡಿ ಪ್ಲೇಯರುಗಳಲ್ಲಿ ಇದೇ ಆಯ್ಕೆ ‘ರಾ’ ಮತ್ತು ‘ಪಿಸಿಎಂ’ ಎಂಬ ಹೆಸರಿನಲ್ಲಿರುತ್ತದೆ. ಆಪ್ಟಿಕಲ್ ಮೂಲಕ ಜೋಡಿಸಿದ ಮೇಲೆ ಬಹಳಷ್ಟು ಟಿವಿಗಳಲ್ಲಿ ರಿಮೋಟಿನಿಂದ ವಾಲ್ಯೂಮ್ ಬದಲಾಗುವುದಿಲ್ಲ; ಅದು ದೋಷವಲ್ಲ. ಎದ್ದು ಹೋಗಿ ಆಂಪ್ಲಿಫೈಯರಿನ ಗುಂಡಿ ತಿರುಗಿಸುವುದು ಬೇಡವೆನ್ನುವವರು ರಿಮೋಟ್ ಇರುವ ಡ್ಯಾಕನ್ನೇ ಕೊಳ್ಳುವುದು ಒಳ್ಳೆಯದು. ಪಾತ್ರಧಾರಿಯ ತುಟಿಗೂ ಮಾತಿಗೂ ತಾಳೆಯಾಗದಿದ್ದರೆ ಅದೇ ಮೆನುವಿನ ಆಡಿಯೊ ಡಿಲೇ ಅಂಕೆಯನ್ನು ಬದಲಿಸಿ ಸರಿಪಡಿಸಬಹುದು.

ವಿಂಡೋಸ್ 10ರ 2017ರ 1703 ಆವೃತ್ತಿಯಿಂದೀಚೆಗೆ ಯುಎಸ್‌ಬಿ ಆಡಿಯೊ ಕ್ಲಾಸ್ 2 ಎಂಬ ಮಾನದಂಡದ ಡ್ರೈವರ್ ಒಳಗೇ ಇದೆ. ಮ್ಯಾಕ್ ಮತ್ತು ಲಿನಕ್ಸಿಗೂ ಬೇರೆ ಡ್ರೈವರ್ ಬೇಕಿಲ್ಲ. ಡ್ಯಾಕ್ ಚುಚ್ಚಿದ ಬಳಿಕ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ಟಾಗಿ ಅದನ್ನೇ ಆರಿಸಿ, ಸ್ವರೂಪವನ್ನು 24 ಬಿಟ್, 44.1 ಅಥವಾ 48 ಕಿಲೊಹರ್ಟ್ಸ್‌ಗೆ ಇಡಿ. ಮ್ಯಾಕ್‌ನಲ್ಲಿ ಈ ಕೆಲಸ ಆಡಿಯೊ ಮಿಡಿ ಸೆಟಪ್ ಎಂಬ ತಂತ್ರಾಂಶದಲ್ಲಿ ಆಗುತ್ತದೆ. ಕಂಪ್ಯೂಟರಿನ ವಾಲ್ಯೂಮನ್ನು ನೂರಕ್ಕೆ ನೂರು ಇಟ್ಟೇ ಕೇಳಬೇಕೆಂಬ ಹಟ ಅನಗತ್ಯ. ಪ್ರತಿ 6 ಡೆಸಿಬೆಲ್ ಇಳಿಕೆಗೆ ಒಂದು ಬಿಟ್ ಖರ್ಚಾಗುತ್ತದೆ ನಿಜ, ಆದರೆ 16 ಬಿಟ್ಟಿನ ಹಾಡು 24 ಬಿಟ್ಟಿನ ಹಾದಿಯಲ್ಲಿ ಸಾಗುವಾಗ ಎಂಟು ಬಿಟ್‌ಗಳು ಕೈಯಲ್ಲಿರುತ್ತವೆ. ಹಾಡಿನ ಪ್ಲೇಯರಿನಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ ಹಾಕಿದ್ದರೆ ಡ್ಯಾಕ್ ಪೂರ್ತಿಯಾಗಿ ಅದರ ವಶವಾಗುತ್ತದೆ; ಆಗ ಬ್ರೌಸರಿನ ವಿಡಿಯೊಗೆ ಸದ್ದಿಲ್ಲವೆಂದು ಗಾಬರಿಪಡಬೇಡಿ.

ಗುಂಯ್‌ಗುಡುವ ಹಮ್

ಹೆಚ್ಚು ತಾಳ್ಮೆ ಬೇಡುವುದು ಇದೇ. ಆಂಪ್ಲಿಫೈಯರೂ ಲ್ಯಾಪ್‌ಟಾಪಿನ ಮೂರು ಪಿನ್ನಿನ ಚಾರ್ಜರೂ ಬೇರೆ ಬೇರೆ ಪ್ಲಗ್ ಪಾಯಿಂಟುಗಳಲ್ಲಿದ್ದಾಗ, ಆ ಎರಡು ಅರ್ಥ್‌ಗಳ ನಡುವೆ ಅಲ್ಪ ವೋಲ್ಟೇಜ್ ವ್ಯತ್ಯಾಸವಿದ್ದು, ಆರ್‌ಸಿಎ ವೈರಿನ ಹೊರಪದರದ ಮೂಲಕ ಸಣ್ಣ ವಿದ್ಯುತ್ ಸುತ್ತತೊಡಗುತ್ತದೆ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಮತ್ತು ಅದರ ಗುಣಕಗಳೇ ಆಗ ಸ್ಪೀಕರಿನಲ್ಲಿ ಶ್ರುತಿಪೆಟ್ಟಿಗೆಯಂತೆ ಬಿಡದೆ ಮೊರೆಯುತ್ತವೆ.

ಪತ್ತೆಯ ಕ್ರಮ ಹೀಗಿರಲಿ. ಹಾಡು ನಿಲ್ಲಿಸಿ, ಹಮ್ ಮಾತ್ರ ಕೇಳುವಷ್ಟು ವಾಲ್ಯೂಮ್ ಏರಿಸಿ. ಆಂಪ್ಲಿಫೈಯರಿನ ಇನ್‌ಪುಟ್ಟನ್ನು ಏನೂ ಜೋಡಿಸದ ಬೇರೊಂದಕ್ಕೆ ಬದಲಿಸಿ. ಆಗಲೂ ಹಮ್ ಇದ್ದರೆ ಡ್ಯಾಕಿನ ಮಾತೇ ಬೇಡ, ಆಂಪ್ಲಿಫೈಯರಿನ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಗೆ ವಯಸ್ಸಾಗಿರಬಹುದು. ಇಲ್ಲವಾದರೆ ಲ್ಯಾಪ್‌ಟಾಪಿನ ಚಾರ್ಜರನ್ನು ಎಳೆದು ಬ್ಯಾಟರಿಯ ಮೇಲೆ ಓಡಿಸಿ. ಹಮ್ ನಿಂತರೆ ಎಲ್ಲ ಪ್ಲಗ್ಗುಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ. ಬಹುಪಾಲು ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ.

ನಮ್ಮ ಮನೆಯಲ್ಲಿ ಮುಗಿಯಲಿಲ್ಲ. ಲ್ಯಾಪ್‌ಟಾಪನ್ನು ಪಕ್ಕದ ಕೋಣೆಗೆ ಒಯ್ದರೂ ಹಮ್ ಹೋಗದೆ, ಎರಡು ಸಂಜೆ ಒಂದೊಂದೇ ವೈರು ಕೀಳುತ್ತ ಕುಳಿತೆ. ಕೊನೆಗೆ ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೇಬಲ್ ಟಿವಿ ವೈರಿನ ತಿರುಪನ್ನು ಸಡಿಲಿಸಿದೊಡನೆ, ಯಾರೋ ಬಾಯಿಗೆ ಕೈ ಅಡ್ಡ ಹಿಡಿದಂತೆ, ಸದ್ದು ಥಟ್ಟನೆ ನಿಂತಿತು. ಆ ಬಾಕ್ಸಿನ ಆಡಿಯೊ ಔಟನ್ನು ಆಂಪ್ಲಿಫೈಯರಿನ ಇನ್ನೊಂದು ಇನ್‌ಪುಟ್ಟಿಗೆ ನಾನೇ ಕೊಟ್ಟಿದ್ದೆ. ಬೀದಿಯ ಕಂಬದಿಂದ ಬಂದ ಕೇಬಲ್ಲಿನ ಹೊರಪದರ ಆ ದಾರಿಯಲ್ಲಿ ಆಂಪ್ಲಿಫೈಯರಿನ ಅರ್ಥಿಗೆ ಸೇರಿಕೊಂಡಿತ್ತು. ಅನಲಾಗ್ ವೈರನ್ನು ಕಿತ್ತು, ಸದ್ದನ್ನು ಟಿವಿಯ ಆಪ್ಟಿಕಲ್ ಮೂಲಕ ಡ್ಯಾಕಿಗೆ ಹಾಯಿಸಿದೆ. ಆಪ್ಟಿಕಲ್ಲಿನಲ್ಲಿ ಲೋಹದ ಸಂಪರ್ಕವೇ ಇಲ್ಲದ್ದರಿಂದ ಅಲ್ಲಿ ಅರ್ಥಿನ ಸುತ್ತು ಕಡಿದುಬೀಳುತ್ತದೆ. ಆಪ್ಟಿಕಲ್ ಇಲ್ಲದ ಕಡೆ ಆರ್‌ಸಿಎ ವೈರಿನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಕೊನೆಯ ಉಪಾಯ. ಅಗ್ಗದವು ಮೃದಂಗದ ಎಡದ ಗಾಂಭೀರ್ಯವನ್ನು ಅಷ್ಟಿಷ್ಟು ತಿಂದುಹಾಕುತ್ತವೆ. ಪ್ಲಗ್ಗಿನ ಮೂರನೇ ಪಿನ್ನನ್ನು ಮುರಿದು ಹಮ್ ನಿಲ್ಲಿಸುವ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ. ಒಳಗೆ ಫೇಸ್ ವೈರು ಪೆಟ್ಟಿಗೆಗೆ ತಾಗಿದ ದಿನ ನಿಮ್ಮನ್ನು ಕಾಯುವುದು ಆ ಪಿನ್ನೇ.

ಕರೆಂಟು ಹೋಗಿ ಯುಪಿಎಸ್‌ಗೆ ಹೊರಳಿದಾಗ ಮಾತ್ರ ಹಮ್ ಹೆಚ್ಚುವುದಾದರೆ, ಅದು ಸ್ಕ್ವೇರ್ ವೇವ್ ಯುಪಿಎಸ್ ಆಗಿರಬಹುದು. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಅದರಲ್ಲಿ ಗೊಣಗುವುದು ಸಹಜ. ಹಮ್ ಬದಲು ಮೌಸ್ ಆಡಿಸಿದಂತೆಲ್ಲ ಬದಲಾಗುವ ಸಣ್ಣ ಕೀರಲು ಕೇಳಿದರೆ ಅದು ಯುಎಸ್‌ಬಿ ಮೂಲಕ ಬರುತ್ತಿರುವ ಕಂಪ್ಯೂಟರಿನ ಗದ್ದಲ. ಬೇರೆ ಪೋರ್ಟ್, ಅಥವಾ ತನ್ನದೇ ಅಡಾಪ್ಟರ್ ಇರುವ ಹಬ್ ಹಾಕಿ ನೋಡಿ.

ಉಳಿದ ದೂರುಗಳು

ಹಾಡಿನ ನಡುವೆ ಚಟಪಟ ಸದ್ದೋ ಕ್ಷಣಕಾಲದ ಮೌನವೋ ಬಂದರೆ ಅದೇ ಹಾಡನ್ನು ಫೋನಿನಿಂದ ಅದೇ ಡ್ಯಾಕಿಗೆ ಕೊಟ್ಟು ಕೇಳಿ. ಫೋನಿನಲ್ಲಿ ಸರಿಯಿದ್ದರೆ ತಪ್ಪು ಕಂಪ್ಯೂಟರಿನದು: ಪ್ಲೇಯರಿನ ಬಫರ್ ಹೆಚ್ಚಿಸಿ, ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿ, ಹಬ್ ತೆಗೆದು ನೇರವಾಗಿ ಚುಚ್ಚಿ. ಈ ಪರೀಕ್ಷೆಗೆ ತಂಬೂರಿಯ ಧ್ವನಿಮುದ್ರಣಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಬಿಡದೆ ಹರಿಯುವ ಆ ನಾದದಲ್ಲಿ ಕೂದಲೆಳೆಯಷ್ಟು ಬಿರುಕೂ ಎದ್ದು ಕಾಣುತ್ತದೆ, ತಾಳವಾದ್ಯವಿರುವ ಹಾಡಿನಲ್ಲಿ ಅದು ಮುಚ್ಚಿಹೋಗುತ್ತದೆ.

ಶ್ರುತಿಯೇ ಏರಿದಂತೆ ಅನಿಸಿದರೆ ಕಿವಿಯನ್ನು ನಂಬಿ. 44.1 ಕಿಲೊಹರ್ಟ್ಸ್ ಹಾಡನ್ನು ಯಾವುದೋ ಡ್ರೈವರ್ 48ರ ವೇಗದಲ್ಲಿ ಓಡಿಸಿದರೆ ಗಾಯಕರ ಷಡ್ಜ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಮೇಲೇರುತ್ತದೆ. ಎರಡೂ ಕಡೆ ಒಂದೇ ದರ ಇಟ್ಟು ಪ್ಲೇಯರನ್ನು ಮತ್ತೆ ತೆರೆಯಿರಿ. ಪ್ರತಿ ಹಾಡಿನ ಮೊದಲ ಅಕ್ಷರ ನುಂಗಿಹೋಗುತ್ತಿದ್ದರೆ, ಹೊಸ ದರಕ್ಕೆ ಹೊಂದಿಕೊಳ್ಳುವ ತನಕ ಡ್ಯಾಕ್ ಬಾಯಿ ಮುಚ್ಚಿಕೊಳ್ಳುತ್ತಿದೆಯೆಂದರ್ಥ. ಎಲ್ಲ ಹಾಡುಗಳನ್ನೂ ಒಂದೇ ದರದಲ್ಲಿ ಕಳಿಸುವಂತೆ ಹೊಂದಿಸಿದರೆ ಇದು ಬಹುಮಟ್ಟಿಗೆ ಹೋಗುತ್ತದೆ.

ಒಂದೇ ಬದಿ ಕೇಳುತ್ತಿದ್ದರೆ, ಆಂಪ್ಲಿಫೈಯರ್ ಆರಿಸಿ, ಡ್ಯಾಕಿನ ಬಳಿ ಕೆಂಪು-ಬಿಳಿ ಪ್ಲಗ್ಗುಗಳನ್ನು ಅದಲುಬದಲು ಮಾಡಿ ಮತ್ತೆ ಹಾಕಿ. ಮೌನ ಇನ್ನೊಂದು ಸ್ಪೀಕರಿಗೆ ಹೋದರೆ ದೋಷ ಡ್ಯಾಕಿನಲ್ಲಿ ಅಥವಾ ಅದಕ್ಕಿಂತ ಹಿಂದೆ, ಬ್ಯಾಲೆನ್ಸ್ ಸೆಟ್ಟಿಂಗ್ ಸಮೇತ. ಹೋಗದಿದ್ದರೆ ಪ್ಲಗ್ಗುಗಳನ್ನು ಮೊದಲಿನಂತೆ ಮಾಡಿ, ಈಗ ಆಂಪ್ಲಿಫೈಯರಿನ ತುದಿಯಲ್ಲಿ ಅದಲುಬದಲು ಮಾಡಿ. ಈ ಬಾರಿ ಮೌನ ಜಾಗ ಬದಲಿಸಿದರೆ ವೈರು ಕೆಟ್ಟಿದೆ, ಇಲ್ಲವಾದರೆ ಆಂಪ್ಲಿಫೈಯರ್ ಅಥವಾ ಸ್ಪೀಕರ್. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಆರ್‌ಸಿಎ ಸಾಕೆಟ್‌ಗಳಿಗೆ ಹಸಿರು ಕಿಲುಬು ಹಿಡಿಯುವುದು ಸಾಮಾನ್ಯವಾದ್ದರಿಂದ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ.

ಇಷ್ಟೆಲ್ಲ ಮಾಡಿಯೂ ಡ್ಯಾಕಿನ ಮೇಲೆಯೇ ಅನುಮಾನ ಉಳಿದರೆ ಮಲ್ಟಿಮೀಟರ್ ಹಿಡಿಯಿರಿ. ಆಂಪ್ಲಿಫೈಯರಿನಿಂದ ವೈರು ಬಿಡಿಸಿ, 100 ಹರ್ಟ್ಸ್‌ನ ಪೂರ್ಣ ಮಟ್ಟದ ಸೈನ್ ಟೋನ್ ಕಡತವನ್ನು ನುಡಿಸಿ, ಎಲ್ಲ ವಾಲ್ಯೂಮುಗಳನ್ನೂ ಗರಿಷ್ಠಕ್ಕೆ ಇಟ್ಟು, ಆರ್‌ಸಿಎ ಪ್ಲಗ್ಗಿನ ಮಧ್ಯದ ಪಿನ್ನಿಗೂ ಹೊರಬಳೆಗೂ ಎಸಿ ವೋಲ್ಟ್ ಅಳೆಯಿರಿ. ಅಗ್ಗದ ಮೀಟರುಗಳು ಮೇಲಿನ ಆವರ್ತನಗಳಲ್ಲಿ ತಪ್ಪು ತೋರಿಸುವುದರಿಂದ 100 ಹರ್ಟ್ಸೇ ಒಳ್ಳೆಯದು. ಅವುಗಳ 200 ವೋಲ್ಟ್ ರೇಂಜಿನಲ್ಲಿ ಒಂದೇ ದಶಮಾಂಶ ಕಾಣಿಸಿದರೂ ಅಡ್ಡಿಯಿಲ್ಲ. ಸಾಮಾನ್ಯ ಡ್ಯಾಕಿನಲ್ಲಿ 2ರ ಆಸುಪಾಸಿನ ಅಂಕೆ, 5 ವೋಲ್ಟಿನ ಪುಟ್ಟ ಪೆಟ್ಟಿಗೆಗಳಲ್ಲಿ ಅದಕ್ಕಿಂತ ಕಡಿಮೆ, ಎರಡೂ ಚಾನೆಲ್ಲುಗಳಲ್ಲಿ ಸಮನಾಗಿ ಬರಬೇಕು. ಟೋನ್ ನಿಲ್ಲಿಸಿ ಡಿಸಿ ಮಿಲಿವೋಲ್ಟಿಗೆ ತಿರುಗಿಸಿದಾಗ ಕೆಲವೇ ಮಿಲಿವೋಲ್ಟ್ ಕಾಣಬೇಕು. ಒಂದು ಬದಿ ಸೊನ್ನೆಯಾದರೆ, ಅಥವಾ ಡಿಸಿ ನೂರಾರು ಮಿಲಿವೋಲ್ಟ್ ತೋರಿಸಿದರೆ, ಆಗ ಬಿಲ್ಲು ಮತ್ತು ವಾರಂಟಿ ಕಾರ್ಡನ್ನು ಹುಡುಕಬಹುದು.